ಅಟ್ಟದ ಮೇಲಿನ ಹೆಜ್ಜೆ: ಚೌಕಿ ಮನೆಯ ರಾತ್ರಿ ಕಾವಲು

ನಾಲ್ಕು ಮೈಕು ಕಟ್ಟಿ ದೆವ್ವ ಹಿಡೀತೀರಾ ಅಂತ ನಕ್ಕವರಿಗೆ ಈಗ ರೆಕಾರ್ಡಿಂಗ್ ಫೈಲನ್ನೇ ಕೇಳಿಸಬಹುದು. ತೀರ್ಥಹಳ್ಳಿ ಸೀಮೆಯ ಹಳೇ ಚೌಕಿ ಮನೆ. ದೂರು ಒಂದೇ: ಚಳಿಗಾಲದಲ್ಲಿ ರಾತ್ರಿ ಊಟವಾದ ಮೇಲೆ ಅಟ್ಟದಲ್ಲಿ ಯಾರೋ ಜಗಲಿ ಕಡೆಯಿಂದ ಬಚ್ಚಲ ಕಡೆಗೆ ನಡೆಯುತ್ತಾರೆ. ಮೂರು ರಾತ್ರಿ ದಂಡ. ನಾಲ್ಕನೇ ರಾತ್ರಿ ಸಿಕ್ಕಿತು. ಐದನೇ ರಾತ್ರಿ ನಾವು ಹೇಳಿದ ಹೊತ್ತಿಗೆ ಬರಿಸಿದೆವು.

ಮೊದಲು ದಂಡದ ಲೆಕ್ಕ. ವಿದ್ಯುತ್ಕಾಂತ ಕ್ಷೇತ್ರಕ್ಕೆ ದೀಪ ಹತ್ತಿಸುವ ಕೆ-2 ಮೀಟರಿಗೆ ಆರು ಸಾವಿರದ ಹತ್ತಿರ, ಸ್ಪಿರಿಟ್ ಬಾಕ್ಸಿಗೆ ಐದು. ಮಲೆನಾಡಲ್ಲಿ ಸಿಗ್ನಲ್ ಕಮ್ಮಿ, ಹಾಗಾಗಿ ಮೊಬೈಲು ಜೋರಾಗಿ ಟವರ್ ಹುಡುಕುತ್ತೆ, ಅದು ಹುಡುಕಿದಾಗೆಲ್ಲ ಕೆ-2 ಕೆಂಪು. ಇನ್ವರ್ಟರ್ ಪಕ್ಕ ಇಟ್ಟರಂತೂ ಬೆಳಗಿನವರೆಗೂ ಕೆಂಪು. ಸ್ಪಿರಿಟ್ ಬಾಕ್ಸ್ ಅಂದರೆ ನಿಲ್ಲದೆ ಸ್ಟೇಷನ್ ತಿರುಗಿಸುವ ರೇಡಿಯೋ, ಅಷ್ಟೇ. ನಮ್ಮದಕ್ಕೆ ಸಿಕ್ಕ 'ಆತ್ಮ' ಭದ್ರಾವತಿ ಆಕಾಶವಾಣಿ. ಎರಡನ್ನೂ ಅರ್ಧ ಬೆಲೆಗೆ ಮಾರಿದೆ.

ಗನ್ ಥರ್ಮಾಮೀಟರ್ ಇರುವವರು ಒಂದು ನೆನಪಿಡಿ, ಅದು ಗಾಳಿಯನ್ನು ಅಳೆಯಲ್ಲ, ಎದುರಿನ ವಸ್ತುವಿನ ಮೇಲ್ಮೈಯನ್ನು ಅಳೆಯುತ್ತೆ. ಬೆಳಗಿಟ್ಟ ಹಿತ್ತಾಳೆ ಹಂಡೆಗೆ ಹಿಡಿದರೆ ಹಂಡೆಯಲ್ಲಿ ಕಾಣುವ ತಣ್ಣನೆ ಗೋಡೆಯ ಶಾಖ ಬರುತ್ತೆ. 'ಶೀತ ಜಾಗ' ಅಂತ ಓಡಾಡಿದ ಅರ್ಧ ರಾತ್ರಿ ಹೀಗೇ ಹೋಯಿತು.

ಹೆಜ್ಜೆ ಗುರುತಿಗೆ ಅಕ್ಕಿ ಹಿಟ್ಟು ಚೆಲ್ಲಿದ್ದು ಇನ್ನೊಂದು ದಡ್ಡತನ. ಇಲಿ ಬಂದು ತಿಂದು ಹೋಯಿತು, ಹಿಂದೆಯೇ ಇರುವೆ. ಕಲ್ಲಿನ ರಂಗೋಲಿ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಹಾಕಿ, ಎರಡು ಕೆಜಿಗೆ ಇಡೀ ಅಟ್ಟ ಆಗುತ್ತೆ. ನಮ್ಮ ಮೊದಲ ಅನುಮಾನ ಕಬ್ಬೆಕ್ಕು, ಕಾಡುಬೆಕ್ಕಿನಂಥ ಪ್ರಾಣಿ; ಅದರ ಪಾದ ಈ ಪುಡಿಯಲ್ಲಿ ಅಚ್ಚೊತ್ತಿದಂತೆ ಮೂಡುತ್ತೆ. ಮೂರನೇ ರಾತ್ರಿ ಹೆಜ್ಜೆ ಕೇಳಿಸಿತು, ಪುಡಿ ಮೇಲೆ ಮಾತ್ರ ಗೆರೆಯೂ ಇಲ್ಲ. ಕಬ್ಬೆಕ್ಕಲ್ಲ ಅಂತ ಗೊತ್ತಾಗಿದ್ದು ಆಗ. ಹೆದರಿದವರೂ ಆಗಲೇ ಹೆದರಿದ್ದು.

ಮುಖ್ಯ ತಪ್ಪು ರೆಕಾರ್ಡರಿನದು. ಸದ್ದು ಎಲ್ಲಿ ಹುಟ್ಟಿತು ಅಂತ ತಿಳಿಯಲು ಯಾವ ಮೈಕಿಗೆ ಮೊದಲು ತಲುಪಿತು ಅಂತ ನೋಡಬೇಕು. ಹತ್ತು ಮೀಟರ್ ಅಂತರಕ್ಕೆ ಹೆಚ್ಚೆಂದರೆ 29 ಮಿಲಿಸೆಕೆಂಡ್ ವ್ಯತ್ಯಾಸ. ನಾವು ಇಟ್ಟಿದ್ದು ಎರಡು ಬೇರೆ ಬೇರೆ ರೆಕಾರ್ಡರ್, ಅವುಗಳ ಗಡಿಯಾರ ಗಂಟೆಗೆ ನೂರು, ನೂರೈವತ್ತು ಮಿಲಿಸೆಕೆಂಡ್ ಹಿಂದೆಮುಂದೆ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ ಹೊಂದಿಸಿದರೆ ಸಾಲದು. ಪ್ರತಿ ಗಂಟೆಗೂ ಚಪ್ಪಾಳೆ ತಟ್ಟಿದರೆ ಲೆಕ್ಕ ಕೂಡುತ್ತೆ, ಕಾವಲು ಕೆಡುತ್ತೆ. ಕೊನೆಗೆ ನಾಲ್ಕು ಚಾನೆಲ್‌ನ ಒಂದೇ ರೆಕಾರ್ಡರ್, ಸೆಕೆಂಡ್ ಹ್ಯಾಂಡ್, ಹದಿನಾಲ್ಕು ಸಾವಿರ. ಹದಿನೈದು ಮೀಟರಿನ ನಾಲ್ಕು ಕೇಬಲ್ ಎರಡೂವರೆ ಸಾವಿರ. ಮೈಕು ಸೇರಿ ಎಲ್ಲಾ ಇಪ್ಪತ್ತಾರು, ಇಪ್ಪತ್ತೇಳು ಸಾವಿರ ಆಗಿರಬೇಕು. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟರೆ ನಾಲ್ಕು ಟ್ರ್ಯಾಕಿಗೆ ಗಂಟೆಗೆ ಎರಡು ಜಿಬಿ, 32 ಜಿಬಿ ಕಾರ್ಡು ರಾತ್ರಿಗೆ ಧಾರಾಳ. ಮೈಕುಗಳನ್ನು ಹಲಗೆ ಮೇಲೆ ಇಡಬೇಡಿ. ಮರದೊಳಗೆ ಸದ್ದು ಗಾಳಿಗಿಂತ ಹತ್ತು ಪಟ್ಟು ವೇಗವಾಗಿ ಓಡಿ ಲೆಕ್ಕ ಕಲಸಿ ಹಾಕುತ್ತೆ. ಮಾಡಿನ ಪಕಾಸಿಯಿಂದ ರಬ್ಬರ್ ಬ್ಯಾಂಡಿನಲ್ಲಿ ತೂಗು ಹಾಕಿ. ನಾಲ್ಕನೇ ಮೈಕನ್ನು ಎಲ್ಲಿ ಕಟ್ಟಿದೆವು ಅನ್ನೋದು ಮಾತ್ರ ನಮ್ಮಲ್ಲೇ ಇರಲಿ.

ಗೆದ್ದದ್ದು ನಿಜವಾಗಿ ಹಗಲಿನ ಕೆಲಸದಿಂದ. ಮಧ್ಯಾಹ್ನ ಮೂರರಿಂದ ಅಟ್ಟದ ಐವತ್ತು ಚಿಲ್ಲರೆ ಹಲಗೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಜಂತೆಗೆ ಮೊಳೆ ಹೊಡೆದ ಕಡೆ ಕೊಡತಿಯಿಂದ (ಮರದ ಸುತ್ತಿಗೆ) ಮೂರು ಮೂರು ಸಲ ತಟ್ಟಿ ರೆಕಾರ್ಡ್ ಮಾಡಿಟ್ಟೆವು. ಒಂದೊಂದು ಹಲಗೆಗೂ ತನ್ನದೇ ದನಿ. ಹಲಸಿನ ಹಲಗೆಯದು ಬೇರೆ, ಆಮೇಲೆ ಯಾರೋ ಬದಲಿಸಿದ ಹಲಗೆಯದು ಬೇರೆ. ರಾತ್ರಿಯ ಸದ್ದನ್ನು ಇವುಗಳ ಪಕ್ಕ ಇಟ್ಟು ನೋಡಿದರೆ ಸಾಕು.

ಹಲಗೆಗಳ ಅಡಿಗೆ ಶಾಖ ಅಳೆಯುವ ಎಂಟು ಡಿಎಸ್18ಬಿ20 ಸೆನ್ಸರ್ ಅಂಟಿಸಿದ್ದೆ. ಉದ್ದ ವೈರಿಗೆ 4.7 ಕಿಲೋಓಮ್ ರೆಸಿಸ್ಟರ್ ಸರಿಬರಲಿಲ್ಲ, 2.2 ಕಿಲೋಓಮಿನದು ಹಾಕಿದ ಮೇಲೆ ಸರಿಹೋಯಿತು. ನಡುನಡುವೆ 85 ಡಿಗ್ರಿ ತೋರಿಸಿದರೆ ಗಾಬರಿ ಬೇಡ, ಕರೆಂಟ್ ತಪ್ಪಿ ಸೆನ್ಸರ್ ಮತ್ತೆ ಎದ್ದಿದೆ, ಅಷ್ಟೇ. ಪವರ್ ಬ್ಯಾಂಕ್ ಕೂಡ ಕೈಕೊಡುತ್ತೆ: ಎಳೆಯುವ ಕರೆಂಟು ಕಮ್ಮಿ ಅಂತ ತಾನೇ ಆಫ್ ಆಗುತ್ತೆ. ಒಂದು ವ್ಯಾಟಿನ 47 ಓಮ್ ರೆಸಿಸ್ಟರನ್ನು ಅಡ್ಡಕ್ಕೆ ಹಾಕಿದರೆ ನೂರು ಮಿಲಿಆಂಪ್ ಸುಮ್ಮನೆ ಉರಿಯುತ್ತೆ, ಬ್ಯಾಂಕ್ ಎಚ್ಚರವಿರುತ್ತೆ.

ಕಾವಲಿಗೆ ನಾಲ್ಕೇ ಜನ. ಹನ್ನೆರಡು ಜನ ಕೂತರೆ ಅವರದೇ ಗದ್ದಲ. ಮನೆಯ ಕಥೆ ಯಾರಿಗೂ ಹೇಳಕೂಡದು. ಕೇಳಿದ್ದನ್ನು ಮಾತಾಡದೆ ತಮ್ಮ ತಮ್ಮ ಪುಸ್ತಕದಲ್ಲಿ ಹೊತ್ತಿನ ಸಮೇತ ಬರೆಯಬೇಕು. ತಾವೇ ಮಾಡಿದ ಸದ್ದನ್ನು ಮಾತ್ರ ಬಾಯಿಬಿಟ್ಟು ಹೇಳಬೇಕು, 'ಹೊಟ್ಟೆ ಗುರ್ ಅಂತು' ಅಂತ. ಇಲ್ಲದಿದ್ದರೆ ಮರುದಿನ ಆ ಹೊಟ್ಟೆಯೇ ದೆವ್ವ. ಹಿತ್ತಲಿನ ಚೌಡಿ ಕಲ್ಲಿನ ಹತ್ತಿರ ಮೀಟರ್ ಹಿಡಿಯುವ ಹುಮ್ಮಸ್ಸು ಬೇಡ, ಅದು ಪೂಜೆಯ ಜಾಗ.

ಬಚ್ಚಲ ಒಲೆ ಉರಿಯುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ (ಉರಿಯಿಂದ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಇಲ್ಲದೆ ಮಲಗಬೇಡಿ. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ಬರೆದ ಪ್ರಕರಣದಲ್ಲಿ ಮನೆಯವರಿಗೆ ಹೆಜ್ಜೆ ಸಪ್ಪಳ ಕೇಳಿಸಿದ್ದು ಮನೆ ಕಾಯಿಸುವ ಕೆಟ್ಟ ಕುಲುಮೆಯಿಂದ ಬಂದ ಇದೇ ಅನಿಲದಿಂದ. ನಮ್ಮ ಅಲಾರಂ ಕೂಗಲಿಲ್ಲ. ಇನ್ನು ಫ್ಯಾನಿನಿಂದ ಹುಟ್ಟಿದ, ಕಿವಿಗೆ ಕೇಳದ 19 ಹರ್ಟ್ಸ್ ಸದ್ದೇ ಭೂತ ಕಂಡಂತೆ ಮಾಡಿತು ಅಂದ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿಯ ಕಥೆ ಇದೆ, ಆ ಸದ್ದನ್ನು ಫೋನಿನ ಆ್ಯಪಿನಲ್ಲಿ ಅಳೆಯಲು ಹೋಗಬೇಡಿ, ಫೋನಿನ ಮೈಕು ಅಷ್ಟು ಕೆಳಗಿನ ಸದ್ದನ್ನು ನೆಟ್ಟಗೆ ಹಿಡಿಯಲ್ಲ. ಕತ್ತಲಲ್ಲಿ ನೋಡುವ ಐಆರ್ ಕ್ಯಾಮೆರಾದಲ್ಲಿ ತೇಲಿದ ಬೆಳಕಿನ ಉಂಡೆಗಳೆಲ್ಲ ಧೂಳು. ದೀಪವನ್ನು ಕ್ಯಾಮೆರಾದಿಂದ ನಾಲ್ಕೈದು ಅಡಿ ಪಕ್ಕಕ್ಕೆ ಇಟ್ಟ ಕೂಡಲೇ ಮಾಯ.

ನಾಲ್ಕನೇ ರಾತ್ರಿ ಪುಸ್ತಕದಲ್ಲಿ ಮೂವರು 'ಅಟ್ಟದ ಈ ತುದಿಯಿಂದ ಆ ತುದಿಗೆ ನಡೆದರು' ಅಂತ ಬರೆದಿದ್ದರು. ಟ್ರ್ಯಾಕಿನಲ್ಲಿ ಇದ್ದದ್ದು ಸುಮಾರು ಇಪ್ಪತ್ತೈದು ನಿಮಿಷದಲ್ಲಿ ಹರಡಿದ ಹನ್ನೊಂದು 'ಟಕ್'. ನಡುವೆ ಮೂರು ಮಾತ್ರ ನಾಲ್ಕು ಸೆಕೆಂಡಿನೊಳಗೆ ಬಿದ್ದಿವೆ. ಆ ಮೂರನ್ನು ಕಿವಿ ನಡಿಗೆ ಮಾಡಿಕೊಂಡಿದೆ, ಉಳಿದ ಎಂಟನ್ನು ಅದಕ್ಕೇ ಜೋಡಿಸಿದೆ. ಹನ್ನೊಂದರಲ್ಲಿ ಒಂಬತ್ತರ ದನಿ ಕೊಡತಿಯ ಸ್ಯಾಂಪಲ್ಲಿಗೆ ಹಲಗೆ ನಂಬರ್ ಸಮೇತ ಕೂತಿತು. ಸಂಜೆ ಬಚ್ಚಲ ಒಲೆಯ ಶಾಖಕ್ಕೆ ಹಲಗೆ ಕಾಯುತ್ತೆ, ಉರಿ ಇಳಿದ ಮೇಲೆ ಕುಗ್ಗುತ್ತೆ, ಮೊಳೆ ಹಿಡಿದ ಕಡೆ ಜಾರಿ ಟಕ್ ಅನ್ನುತ್ತೆ. ಒಲೆಗೆ ದೂರದ ಜಗಲಿ ತುದಿ ಮೊದಲು ತಣಿಯುತ್ತೆ, ಕೆಂಡದ ಮೇಲಿನ ತುದಿ ಕೊನೆಗೆ. ಹೆಜ್ಜೆ ಬಚ್ಚಲಿಗೆ ಹೋಗುವುದು ಅದಕ್ಕೇ. ಸೆನ್ಸರಿನ ಗೆರೆಗಳೂ ಅದೇ ಸಾಲಿನಲ್ಲಿ ಇಳಿದಿದ್ದವು.

ಐದನೇ ರಾತ್ರಿ ಸಂಜೆ ಒಲೆ ಹಚ್ಚಲೇ ಇಲ್ಲ, ತಣ್ಣೀರೇ ಸ್ನಾನ. ಹನ್ನೆರಡರವರೆಗೆ ಅಟ್ಟ ಮೌನ. ಆಮೇಲೆ ಒಲೆ ಹಚ್ಚಿ ಒಂದು ಗಂಟೆ ಉರಿಸಿ ಸೌದೆ ಎಳೆದೆವು. ಎರಡು ದಾಟಿದ ಮೇಲೆ ಜಗಲಿ ತುದಿಯಿಂದ ಮೊದಲ ಟಕ್ ಬಂತು.

ಹೊಂದದ ಎರಡು ಟಕ್ ಹೆಂಚಿನ ರೀಪಿನದಿರಬೇಕು, ಅಲ್ಲಿ ಸ್ಯಾಂಪಲ್ ತೆಗೆದಿರಲಿಲ್ಲ. 23ನೇ ಹಲಗೆಯ ಮೊಳೆ ಕಿತ್ತು, ಹಲಗೆ ಸಲೀಸಾಗಿ ಜಾರಲಿ ಅಂತ ತೂತನ್ನು ಉದ್ದಕ್ಕೆ ಕೊರೆದು ಸ್ಕ್ರೂ ಹಾಕಿದೆ, ಅದೊಂದು ಸುಮ್ಮನಾಗಿದೆ. ಮುಂದಿನ ವರ್ಷ ಮನೆಯವರು ಬಿಸಿನೀರಿಗೆ ಸೋಲಾರ್ ಹಾಕಿಸುತ್ತಾರಂತೆ, ಆಮೇಲೆ ಒಲೆಯೂ ಇಲ್ಲ, ಟಕ್ಕೂ ಇಲ್ಲ. ಅಷ್ಟರೊಳಗೆ ರೀಪುಗಳನ್ನೂ ತಟ್ಟಿ ಮುಗಿಸಬೇಕು.