ಬೆಟ್ಟಕ್ಕೆ ಮೊದಲು ಮುದ್ದೆಗೆ ಹೇಳಿ: ಜೋಗಿಮಟ್ಟಿ ಚಾರಣಕ್ಕೊಂದು ಲೆಕ್ಕಾಚಾರ

ಚಾರಣಕ್ಕೆ ಹೊರಡುವವರು ಸಾಮಾನ್ಯವಾಗಿ ಬೂಟು, ಚೀಲ, ನಕ್ಷೆಗಳಿಂದ ಶುರು ಮಾಡುತ್ತಾರೆ. ಊಟ ಎಲ್ಲಾದರೂ ಸಿಕ್ಕೀತು ಎಂಬ ಧೈರ್ಯ. ಹೀಗೆ ಹೋದವರೇ ಮಧ್ಯಾಹ್ನ ಮೂರು ಗಂಟೆಗೆ ಹೆದ್ದಾರಿ ಬದಿಯಲ್ಲಿ ಆರಿದ ಗೋಬಿ ಮಂಚೂರಿಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತಾರೆ. ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗುವುದಾದರೆ ಈ ಕ್ರಮವನ್ನು ತಿರುವಿ ಹಾಕಿ. ಬಿಸಿ ಮುದ್ದೆ ಎಲೆಗೆ ಬೀಳಬೇಕಾದ ಗಂಟೆಯನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಮನೆ ಬಿಡುವ ಹೊತ್ತು ತಾನಾಗಿಯೇ ಸಿಗುತ್ತದೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಮುದ್ದೆ ಮಾತ್ರ ಯಾರಿಗೂ ಕಾಯುವುದಿಲ್ಲ.

ಮೊದಲು ಊಟ ಗೊತ್ತು ಮಾಡಿ

ಮುದ್ದೆಯ ಸೀಮೆ, ರೊಟ್ಟಿಯ ಸೀಮೆ ಎರಡೂ ಬೆರೆಯುವುದು ಚಿತ್ರದುರ್ಗದ ಆಸುಪಾಸಿನಲ್ಲಿಯೇ. ಹಿರಿಯೂರು, ಹೊಸದುರ್ಗದ ಕಡೆ ರಾಗಿ ಮುದ್ದೆಯ ಬಲ ಹೆಚ್ಚು. ದಾವಣಗೆರೆಯತ್ತ ಸರಿದಂತೆ ಜೋಳದ ರೊಟ್ಟಿಯ ಬಡಿತ ಕೇಳತೊಡಗುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳೆಯ ಮನೆಗಳಲ್ಲಿ ನವಣೆ ಅನ್ನವನ್ನು ಇನ್ನೂ ಮರೆತಿಲ್ಲ. ನಗರದಲ್ಲಿ ಮುದ್ದೆ ಊಟದ ಹೋಟೆಲುಗಳೂ ಇವೆ, ರೊಟ್ಟಿ ಊಟದ ಖಾನಾವಳಿಗಳೂ ಇವೆ. ರೊಟ್ಟಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಕಟಕ್ ರೊಟ್ಟಿಯನ್ನು ಮನೆಗೆ ಕಟ್ಟಿಸಿಕೊಂಡು ಹೋಗಿ ವಾರವಾದ ಮೇಲೂ ತಿನ್ನಬಹುದು, ಮುದ್ದೆಯನ್ನು ಅಲ್ಲಿಯೇ, ಆಗಲೇ ತಿನ್ನಬೇಕು. ಬೆವರು ಹರಿಸಿ ಇಳಿದು ಬಂದ ಮೈಗೆ ಖಾರ, ಹುಳಿ, ಉಪ್ಪು ಮೂರೂ ಇರುವ ಬಿಸಿ ಸಾರೇ ಬೇಕೆನಿಸುತ್ತದೆ. ಆದ್ದರಿಂದ ನನ್ನ ಮತ ಮುದ್ದೆಗೆ.

ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಹೇಳಿ, ಯಾವ ಸಾರು ಎಂದು ಕೇಳಿ. ಸಾರಿನ ಪ್ರಶ್ನೆಯನ್ನು ಬಿಡಬೇಡಿ. ಸುಮ್ಮನಿದ್ದರೆ ಎಲ್ಲ ಊರಿನಲ್ಲೂ ಸಿಗುವ ಬೇಳೆ ಸಾರೇ ನಿಮ್ಮ ಎಲೆಗೂ ಬರುತ್ತದೆ. ಬಸ್ಸಾರು ಇದೆಯೇ, ಹುರುಳಿ ಕಟ್ಟಿನ ಸಾರು ಇದೆಯೇ ಎಂದು ಬಾಯಿ ಬಿಟ್ಟು ಕೇಳಬೇಕು. ಡಿಸೆಂಬರ್, ಜನವರಿಯಾದರೆ ಅವರೆಕಾಳಿನ ಸಾರನ್ನೇ ಕೇಳಿ. ಮಾಂಸ ತಿನ್ನುವವರು ನಾಟಿ ಕೋಳಿ ಬೇಕೆಂದರೆ ಖಂಡಿತ ಮುಂಚೆ ಹೇಳಲೇಬೇಕು, ಅದು ಬೇಯಲು ಹೊತ್ತು ಹಿಡಿಯುತ್ತದೆ. ಸಣ್ಣ ಹೋಟೆಲಿನ ಅಡುಗೆಯಮ್ಮ ಫೋನಿನಲ್ಲಿ ಹೀಗೆ ಅಂದರೆ ಬೇಸರ ಪಡಬೇಡಿ: “ಹನ್ನೆರಡೂವರೆ ಅಂದರೆ ಹನ್ನೆರಡೂವರೆಗೆ ಬರಬೇಕಪ್ಪಾ. ಎರಡು ಗಂಟೆಗೆ ಬಂದು ಮುದ್ದೆ ಕಲ್ಲಾಗಿದೆ ಅನ್ನಬೇಡಿ.” ಹಾಗೆ ಗದರಿಸುವ ಕಡೆ ಊಟ ಚೆನ್ನಾಗಿರುತ್ತದೆ ಎನ್ನುವುದು ನನ್ನ ನಂಬಿಕೆ.

ಹತ್ತಿರದ ಹಳ್ಳಿಯಲ್ಲಿ ಪರಿಚಯದವರ ಮನೆಯಿದ್ದರೆ ಇನ್ನೂ ಒಳ್ಳೆಯದು. ದುಡ್ಡು ಕೊಡಲು ಹೋದರೆ ಅವರು ಮುಟ್ಟುವುದಿಲ್ಲ. ಹೋಗುವಾಗಲೇ ಒಂದು ಲೀಟರ್ ಎಣ್ಣೆ, ಬೇಳೆ, ಮಕ್ಕಳಿದ್ದರೆ ಹಣ್ಣು ಹಿಡಿದುಕೊಂಡು ಹೋಗಿ.

ತಿಂಗಳು ಆರಿಸುವುದು

ಚಿತ್ರದುರ್ಗ ಮಳೆ ಕಡಿಮೆಯ ಜಿಲ್ಲೆ. ಆದರೂ ಜೋಗಿಮಟ್ಟಿಯ ನೆತ್ತಿಗೆ ಮುಂಗಾರಿನಲ್ಲಿ ಮೋಡ ಬಂದು ಕೂರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸ್ಥಳೀಯರು ಹೋಗುವುದೇ ಆ ಮಂಜಿಗಾಗಿ. ಗಾಳಿಯೂ ಆಗಲೇ ಜೋರು. ಈ ಗುಡ್ಡಗಳ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆಯಲ್ಲ. ಮಂಜಿನಲ್ಲಿ ನಡೆಯುವುದು ಸೊಗಸು, ಆದರೆ ಹತ್ತು ಮಾರು ಆಚೆಗಿನ ನೋಟ ಕಾಣುವುದಿಲ್ಲ. ಕೋಟೆ, ಊರು, ಕೆರೆ, ಬಯಲು ಎಲ್ಲವನ್ನೂ ಮೇಲಿನಿಂದ ನೋಡಬೇಕೆಂದರೆ ಅಕ್ಟೋಬರ್‌ನಿಂದ ಜನವರಿಯವರೆಗಿನ ತಿಂಗಳುಗಳನ್ನು ಆರಿಸಿ. ದೀಪಾವಳಿ ಹೊತ್ತಿಗೆ ಹಸಿರು ಇನ್ನೂ ಆರಿರುವುದಿಲ್ಲ, ಈ ಕಡೆಯ ಗುಡ್ಡಗಳ ಸೀತಾಫಲ ಮಾರುಕಟ್ಟೆಗೆ ಬಂದಿರುತ್ತದೆ. ರಾಗಿ ಕೊಯ್ಲು, ಅವರೆಕಾಯಿಯ ಕಾಲವೂ ಒಂದರ ಹಿಂದೊಂದು ಬರುತ್ತವೆ.

ಫೆಬ್ರುವರಿ ದಾಟಿದರೆ ಬೇಡ. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ. ಬಿಸಿಲಿನ ವಿಷಯ ನಾನು ಹೇಳಬೇಕಾಗಿಲ್ಲ.

ಅನುಮತಿ

ಜೋಗಿಮಟ್ಟಿ ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. ಕರಡಿ, ಚಿರತೆಗಳಿರುವ ಕಾಡು ಇದು. ಒಳಗೆ ಹೋಗಲು ಗೇಟಿನಲ್ಲಿ ಹೆಸರು ಬರೆಸಿ, ಶುಲ್ಕ ಕೊಟ್ಟು, ಅವರು ಹೇಳಿದ ಹೊತ್ತಿನಲ್ಲಿಯೇ ಹೊರಗೆ ಬರಬೇಕು. ಯಾವ ದಾರಿಯಲ್ಲಿ ನಡೆಯಲು ಬಿಡುತ್ತಾರೆ, ವಾಹನ ಎಲ್ಲಿಯವರೆಗೆ ಎನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ, ಹೊರಡುವ ವಾರದಲ್ಲಿ ಚಿತ್ರದುರ್ಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಕರೆ ಮಾಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಸರ್ಕಾರ ಚಾರಣ ಪಥಗಳಿಗೆ ಆನ್‌ಲೈನ್ ಬುಕಿಂಗ್ ತಂದಿತು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನಿಮ್ಮ ದಾರಿಯ ಹೆಸರಿದೆಯೇ ಎಂದೂ ನೋಡಿಬಿಡಿ. ಗುರುತಿನ ಚೀಟಿ ಜೇಬಿನಲ್ಲಿರಲಿ. ಕಾಡಂಚಿನ ಹಳ್ಳಿಯ ಹುಡುಗರು “ಕಳ್ಳದಾರಿ ಇದೆ, ಬನ್ನಿ” ಎಂದರೆ ನಕ್ಕು ಮುಂದೆ ಹೋಗಿ. ಕರಡಿಗೆ ನಿಮ್ಮ ಸಾಹಸದಲ್ಲಿ ಆಸಕ್ತಿಯಿಲ್ಲ.

ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ

ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹಾಕಿಕೊಟ್ಟ ಒಂದು ಸೂತ್ರವಿದೆ. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ. ಅದರ ಮೇಲೆ, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಉದಾಹರಣೆಗೆ ನಿಮ್ಮ ದಾರಿ 6 ಕಿಲೋಮೀಟರ್, ಏರು 400 ಮೀಟರ್ ಎಂದುಕೊಳ್ಳಿ. ನಡಿಗೆಗೆ 72 ನಿಮಿಷ, ಏರಿಗೆ 40 ನಿಮಿಷ, ಒಟ್ಟು ಎರಡು ಗಂಟೆಗೆ ಎಂಟು ನಿಮಿಷ ಕಡಿಮೆ. ಇದು ಎಲ್ಲಿಯೂ ನಿಲ್ಲದ, ಫೋಟೊ ತೆಗೆಯದ, ತಣ್ಣನೆಯ ಸ್ಕಾಟ್ಲೆಂಡಿನ ಲೆಕ್ಕ. ನಮ್ಮ ಬಿಸಿಲಿಗೆ, ನಮ್ಮ ಹರಟೆಗೆ ಅರ್ಧ ಗಂಟೆ ಸೇರಿಸಿ. ಮಕ್ಕಳಿದ್ದರೆ ಇನ್ನರ್ಧ ಗಂಟೆ.

ಈಗ ಊಟದಿಂದ ಹಿಂದಕ್ಕೆ ಬನ್ನಿ. ಹನ್ನೆರಡೂವರೆಗೆ ಎಲೆಯ ಮುಂದೆ ಕೂರಬೇಕು. ಕೈಕಾಲು ತೊಳೆದು ಊರು ಸೇರಲು ಮುಕ್ಕಾಲು ಗಂಟೆ ಬಿಟ್ಟರೆ ಹನ್ನೊಂದೂಮುಕ್ಕಾಲಿಗೆ ಗೇಟಿನ ಹೊರಗಿರಬೇಕು. ಇಳಿಯಲು ಒಂದೂವರೆ ಗಂಟೆ: ಹತ್ತೂಕಾಲಿಗೆ ಮೇಲಿನಿಂದ ಹೊರಡಬೇಕು. ಮೇಲೆ ಮುಕ್ಕಾಲು ಗಂಟೆಯ ವಿಶ್ರಾಂತಿ, ಹತ್ತಲು ಎರಡೂವರೆ ಗಂಟೆ. ಅಂದರೆ ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿರಬೇಕು. ಬಿಸಿಲು ಏರುವ ಮುಂಚೆ ಏರು ಮುಗಿದಿರುತ್ತದೆ, ಹಸಿವು ಕೆರಳುವ ಹೊತ್ತಿಗೆ ಕಾಲು ಕೆಳಗಿರುತ್ತದೆ. ನಿಮ್ಮ ದಾರಿಯ ಉದ್ದ ಬೇರೆಯಾದರೆ ಅಂಕಿಗಳನ್ನು ಬದಲಿಸಿಕೊಳ್ಳಿ, ಊಟದ ಗಂಟೆಯನ್ನು ಮಾತ್ರ ಬದಲಿಸಬೇಡಿ.

ದಾವಣಗೆರೆಯಿಂದ ಬರುವವರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ಐದೂವರೆಗೆ ಹೊರಟರೆ ಸಾಕು. ಬೆಂಗಳೂರಿನವರಿಗೆ ಸುಮಾರು 200 ಕಿಲೋಮೀಟರ್, ಆದ್ದರಿಂದ ಹಿಂದಿನ ರಾತ್ರಿಯೇ ಬಂದು ಚಿತ್ರದುರ್ಗದಲ್ಲಿ ತಂಗುವುದು ಲೇಸು. ನಗರದಿಂದ ಕಾಡಂಚಿನ ಆಡುಮಲ್ಲೇಶ್ವರ ದೇವಸ್ಥಾನದ ಕಡೆಗೆ ಆಟೊ ಸಿಗುತ್ತದೆ. ವಾಪಸ್ ಬರುವ ಹೊತ್ತನ್ನೂ ಚಾಲಕನಿಗೆ ಆಗಲೇ ಹೇಳಿಡಿ. ದಾವಣಗೆರೆಯವರಿಗೆ ಇನ್ನೊಂದು ಮಾತು: ಬೆಣ್ಣೆ ದೋಸೆ ತಿಂದು ಬೆಟ್ಟ ಹತ್ತುವ ಯೋಚನೆ ಬಿಡಿ. ಎರಡನೆಯ ತಿರುವಿನಲ್ಲಿಯೇ ಕಣ್ಣು ಎಳೆಯುತ್ತದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಚೀಲ ಹಗುರವಿರಲಿ

ಒಬ್ಬರಿಗೆ ಎರಡರಿಂದ ಮೂರು ಲೀಟರ್ ನೀರು. ಮೇಲೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಟೋಪಿ, ಹಿಡಿತವಿರುವ ಬೂಟು, ಗಾಯಕ್ಕೆ ಪಟ್ಟಿ, ಕಸ ತುಂಬಿಕೊಂಡು ಬರಲು ಒಂದು ಖಾಲಿ ಚೀಲ. ತಿನ್ನಲು ಹುರಿದ ಶೇಂಗಾ, ಬೆಲ್ಲ, ಒಂದಿಷ್ಟು ಮಂಡಕ್ಕಿ. ಇದಕ್ಕಿಂತ ಹೆಚ್ಚು ಹೊತ್ತರೆ ಮಧ್ಯಾಹ್ನದ ಹಸಿವು ಕೆಡುತ್ತದೆ, ಜೊತೆಗೆ ಕೋತಿಗಳಿಗೂ ಸುಳಿವು ಸಿಗುತ್ತದೆ. ಪ್ಲಾಸ್ಟಿಕ್ ಕವರ್ ಸರಪರ ಎಂದರೆ ಎಲ್ಲಿದ್ದರೂ ಅವು ಬಂದು ನಿಲ್ಲುತ್ತವೆ. ತಿಂಡಿಯನ್ನು ಡಬ್ಬಿಯಲ್ಲಿಡಿ. ಸುಗಂಧ ದ್ರವ್ಯ ಹಾಕಿಕೊಳ್ಳಬೇಡಿ, ಬೀಡಿ ಸಿಗರೇಟು ಬೇಡವೇ ಬೇಡ. ಈ ಸೀಮೆಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ವಾಸನೆಗೋ ಹೊಗೆಗೋ ಅದು ಎದ್ದರೆ ಓಡಲು ಜಾಗವಿರುವುದಿಲ್ಲ.

ಹತ್ತುವಾಗ, ಇಳಿಯುವಾಗ

ಆಡುಮಲ್ಲೇಶ್ವರ ದೇವಸ್ಥಾನ, ಪಕ್ಕದ ಕಿರು ಮೃಗಾಲಯ ದಾಟಿದರೆ ಕಾಡು ಶುರು. ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನ ನಡೆಯಿರಿ. ಮಾತನಾಡುತ್ತಾ ನಡೆಯಲು ಉಸಿರು ಸಾಲುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಪೊದೆ ದಟ್ಟವಾಗಿರುವ ತಿರುವುಗಳಲ್ಲಿ ಮಾತು ನಿಲ್ಲಿಸಬೇಡಿ, ಕರಡಿ ಎದುರಾಗುವುದು ಹೆಚ್ಚಾಗಿ ಸದ್ದಿಲ್ಲದೆ ಬಂದವರಿಗೆ. ಹಾಗೆಂದು ಸ್ಪೀಕರ್ ಹಚ್ಚಿಕೊಂಡು ಹೋಗುವುದೂ ಬೇಡ, ನವಿಲಿನ ಕೂಗು ಕೇಳಿಸಬೇಕಲ್ಲ.

ಕಾಲ ಕೆಳಗಿನ ಕಲ್ಲನ್ನೂ ಸ್ವಲ್ಪ ನೋಡಿ. ಕೋಟೆಯ ಬೆಟ್ಟ ಗ್ರಾನೈಟಿನ ದುಂಡು ಬಂಡೆಗಳದ್ದು. ಜೋಗಿಮಟ್ಟಿಯ ಕಲ್ಲು ಹೆಚ್ಚು ಕಪ್ಪು, ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ (ಪದರು ಪದರಾದ ಕಲ್ಲು) ಪಟ್ಟಿ ಎಂದು ಕರೆಯುವ, ಕೋಟ್ಯಂತರ ವರ್ಷಗಳ ಹಿಂದಿನ ಲಾವಾ ಸೇರಿರುವ ಸಾಲು ಇದು. ಹೆದ್ದಾರಿಯ ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಅದೇ ಕಾಲದ ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ನಡೆಯುವವರಿಗೆ ಇದರಿಂದ ಒಂದು ಉಪಯೋಗವುಂಟು. ಗ್ರಾನೈಟ್ ಒಣಗಿದ್ದಾಗ ಕಾಲಿಗೆ ಗಟ್ಟಿ ಹಿಡಿತ ಕೊಡುತ್ತದೆ, ಒದ್ದೆಯಾದರೆ ಜಾರುತ್ತದೆ. ಈ ಕಪ್ಪು ಕಲ್ಲು ಪುಡಿಯಾಗಿ ಸಣ್ಣ ಹರಳಾಗಿ ದಾರಿಯಲ್ಲಿ ಹರಡಿರುವುದರಿಂದ ಒಣಗಿದ್ದಾಗಲೂ, ಅದರಲ್ಲೂ ಇಳಿಯುವಾಗ, ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಚಿಕ್ಕದು ಮಾಡಿ ಇಳಿಯಿರಿ.

ಮೇಲೆ ಗಾಳಿಗೆ ಮೈಯೊಡ್ಡಿ ನಿಂತಾಗ ಗಂಟೆ ಮರೆಯುವುದು ಸುಲಭ. ಮೊಬೈಲಿನಲ್ಲಿ ಹತ್ತೂಕಾಲಿಗೆ ಅಲಾರಾಂ ಇಟ್ಟುಕೊಳ್ಳಿ.

ಗೇಟು ಮುಚ್ಚಿದ್ದರೆ

ಮಳೆ ಜೋರಾಗಿಯೋ ಬೆಂಕಿಯ ಭಯದಿಂದಲೋ ಕಾಡಿಗೆ ಬಿಡದೇ ಇರಬಹುದು. ಆಗ ಊಟವನ್ನು ರದ್ದು ಮಾಡಬೇಡಿ, ಚಂದ್ರವಳ್ಳಿಗೆ ತಿರುಗಿ. ಊರಿಗೆ ಹತ್ತಿರ, ಗುಡ್ಡಗಳ ನಡುವಿನ ಕಣಿವೆ, ಕೆರೆ, ಗುಹೆಗಳು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ. ಅವನು ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಉತ್ಖನನದಲ್ಲಿ ಇಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು. ಅಂಕಲಿ ಮಠದ ಗುಹೆಗೆ ಇಳಿಯುವುದಾದರೆ ಟಾರ್ಚ್ ಮತ್ತು ದಾರಿ ಬಲ್ಲವರೊಬ್ಬರು ಬೇಕೇ ಬೇಕು. ಒಳಗೆ ಕೈ ಕಾಣದ ಕತ್ತಲು.

ಅಲ್ಲಿಂದ ಕೋಟೆಗೆ ಬನ್ನಿ. ಏಳು ಸುತ್ತಿನ ಕೋಟೆಯ ಕಥೆ, ಒನಕೆ ಓಬವ್ವನ ಕಿಂಡಿ ಎಲ್ಲರಿಗೂ ಗೊತ್ತಿರುವುದೇ. ನಾನು ನೋಡಿ ಎನ್ನುವುದು ನೀರಿನ ದಾರಿಯನ್ನು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನೊಳಗಿನ ಸಂತೆ ಹೊಂಡಕ್ಕೆ ಹರಿಯುವಂತೆ ನಾಯಕರ ಕಾಲದಲ್ಲಿ ವ್ಯವಸ್ಥೆ ಮಾಡಿದ್ದರು. ಮಳೆ ಬಂದ ಮರುದಿನ ಹೋದರೆ ಇದು ಕಣ್ಣಿಗೇ ಕಾಣುತ್ತದೆ.

ಎಲೆಯ ಮುಂದೆ

ಸಾಧ್ಯವಾದರೆ ಐದು ನಿಮಿಷ ಮುಂಚೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಲು ಬಿಡುತ್ತಾರೆಯೇ ಕೇಳಿ. ಕುದಿಯುವ ಎಸರಿಗೆ ರಾಗಿ ಹಿಟ್ಟು ಗುಪ್ಪೆಯಾಗಿ ಸುರಿಯುತ್ತಾರೆ, ಕಲಕುವುದಿಲ್ಲ. ಕೋಲಿನಿಂದ ನಡುವೆ ಒಂದು ತೂತು ಮಾಡಿ ಬಿಡುತ್ತಾರೆ. ನೀರು ಆ ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿದು, ಬದಿಯಿಂದ ಮತ್ತೆ ಒಳಗಿಳಿದು ಗುಳುಗುಳು ಬೇಯುತ್ತದೆ. ಹಿಟ್ಟಿನ ಹಸಿ ವಾಸನೆ ಹೋಗಿ ಹುರಿದ ಕಾಳಿನ ಘಮ ಬಂದಾಗ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಕೋಲು ತಿರುವುತ್ತಾರೆ. ಗಂಟು ಉಳಿಯಬಾರದು. ಆಮೇಲೆ ಒದ್ದೆ ಕೈಯಲ್ಲಿ ಮಣೆಯ ಮೇಲೆ ಉರುಳಿಸಿ ಮುದ್ದೆ ಕಟ್ಟುತ್ತಾರೆ. ಆ ಬಿಸಿಯನ್ನು ಅವರ ಕೈ ಹೇಗೆ ತಡೆಯುತ್ತದೋ, ಕೇಳಿದರೆ ನಗುತ್ತಾರೆ.

ಬಸ್ಸಾರು ಹೇಳಿದ್ದರೆ ಎಲೆಗೆ ಎರಡು ಬರುತ್ತವೆ. ಸೊಪ್ಪು ಮತ್ತು ಕಾಳು ಬೇಯಿಸಿ ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ, ಹುಣಸೆ, ತೆಂಗು ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪವಿದ್ದರೆ ಸ್ವಲ್ಪ ಬಿಡಿ. ನೆಲ್ಲಿಕಾಯಿ ಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿ. ಹೊಸಬರು ಅಗಿಯುತ್ತಾರೆ, ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಮುಖ ಕಿವುಚುತ್ತಾರೆ. ಚಮಚ ಕೇಳಬೇಡಿ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂಬ ಗಾದೆ ಎಲ್ಲರಿಗೂ ಗೊತ್ತು. ನೀವು ಬೆಟ್ಟ ಮುಗಿಸಿ ಹಿಟ್ಟಿಗೆ ಬಂದವರು, ಆದ್ದರಿಂದ ಎರಡನೆಯ ಮುದ್ದೆಗೆ ಸಂಕೋಚ ಬೇಡ. ಆಮೇಲೆ ಸ್ವಲ್ಪ ಅನ್ನ, ಮಜ್ಜಿಗೆ.

ಊಟವಾದ ಕೂಡಲೇ ಸ್ಟಿಯರಿಂಗ್ ಹಿಡಿಯಬೇಡಿ. ನಾಲ್ಕು ಗಂಟೆ ನಡೆದು ಎರಡು ಮುದ್ದೆ ಉಂಡವರಿಗೆ ಹೆದ್ದಾರಿಯಲ್ಲಿ ನಿದ್ದೆ ಬರದಿದ್ದರೆ ಆಶ್ಚರ್ಯ. ಎಲ್ಲಿಯಾದರೂ ನೆರಳಿನಲ್ಲಿ ಒಂದು ಗಂಟೆ ಒರಗಿ. ಸೀತಾಫಲದ ಕಾಲವಾದರೆ ಎದ್ದ ಮೇಲೆ ರಸ್ತೆ ಬದಿಯ ಬುಟ್ಟಿಗಳನ್ನು ನೋಡಿ. ಕಣ್ಣುಗಳ ನಡುವಿನ ಗೆರೆ ಬಿಳಿಯಾಗಿ ಅಗಲಗೊಂಡಿದ್ದರೂ ಇನ್ನೂ ಗಟ್ಟಿಯಿರುವ ಹಣ್ಣನ್ನು ಆರಿಸಿ. ಮೆತ್ತಗಿನದು ಹಿರಿಯೂರು ಮುಟ್ಟುವಷ್ಟರಲ್ಲಿ ಚೀಲದಲ್ಲಿ ಪಾಯಸವಾಗುತ್ತದೆ. ದಾವಣಗೆರೆ ಕಡೆ ಹೋಗುವವರು ಏಳರ ಸುಮಾರಿಗೆ ಊರು ಸೇರಿದರೆ, ಬೆಳಿಗ್ಗೆ ಬೇಡವೆಂದ ಬೆಣ್ಣೆ ದೋಸೆಗೆ ಹೊಟ್ಟೆಯಲ್ಲಿ ಅಷ್ಟರಲ್ಲಿ ಜಾಗವಾಗಿರುತ್ತದೆ.