ಕುಂದಾಪುರದಿಂದ ಮಂಗಳೂರಿಗೆ ಸೈಕಲ್: ಒಂದು ಹಗಲು, ಎರಡು ಕಡವು

ಮಂಗಳೂರಿನ ಸೈಕಲ್‌ನವರು ಬೆಳಿಗ್ಗೆ ಎದ್ದು ಉತ್ತರಕ್ಕೆ ಹೊರಡುವುದು ರೂಢಿ. ನಾನು ಕುಂದಾಪುರದಿಂದ ದಕ್ಷಿಣಕ್ಕೆ ಬಂದೆ. “ಎರಡು ಕಡವು (ದೋಣಿಯಲ್ಲಿ ಹೊಳೆ ದಾಟುವ ಜಾಗ) ದಾಟುವಷ್ಟರಲ್ಲಿ ಕತ್ತಲಾಗುತ್ತದೆ” ಎಂದವರೇ ಹೆಚ್ಚು. ಮಾರ್ಚ್ ತಿಂಗಳು, ಹೆಚ್ಚುಕಡಿಮೆ 100 ಕಿ.ಮೀ., 9 ಕೆ.ಜಿ. ಸಾಮಾನು, ಐದೂವರೆಗೆ ಹೊರಟು ಸಂಜೆ ನಾಲ್ಕೂವರೆಗೆ ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಇಳಿದಾಗಿತ್ತು. ಗುಟ್ಟು ಗಾಳಿಯಲ್ಲಿದೆ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಕಡಲಗಾಳಿ ವಾಯವ್ಯದಿಂದ ಏಳುತ್ತದೆ. ಉತ್ತರಕ್ಕೆ ಹೋದರೆ ಗಂಟೆಗೆ 16 ಕಿ.ಮೀ. ದಾಟದು, ದಕ್ಷಿಣಕ್ಕೆ ಅದೇ ಶ್ರಮಕ್ಕೆ 22 ಸಿಗುತ್ತದೆ.

ದುಡ್ಡು ಹೋದದ್ದು ಕುಂದಾಪುರ ತಲುಪುವುದರಲ್ಲೇ. ಮೊದಲ ಸಲ ಬಸ್ಸಿನ ಸಾಮಾನಿಡುವ ಡಿಕ್ಕಿಯೊಳಗೆ ಹಾಕಿದಾಗ ಡಿರೈಲರ್ (ಗೇರ್ ಬದಲಿಸುವ ಭಾಗ) ತೂಗುವ ಹ್ಯಾಂಗರ್ ಬಾಗಿತು, 600 ರೂಪಾಯಿ ಹತ್ತಿರ ಖರ್ಚು. ಈಗ 5 ಎಂ.ಎಂ. ಅಲೆನ್ ಕೀಯಿಂದ ಡಿರೈಲರ್ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಹಿಂದಿನ ತ್ರಿಕೋನದೊಳಗೆ ಕಟ್ಟುತ್ತೇನೆ.

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಹಂಗಾರಕಟ್ಟೆ. ಅಲ್ಲಿಂದ ಮೊದಲ ಕಡವು, ಕೋಡಿಬೆಂಗ್ರೆಗೆ ಬಾರ್ಜ್ (ವಾಹನ ಸಾಗಿಸುವ ಚಪ್ಪಟೆ ದೋಣಿ). ಹಿಂದಿನ ದಿನವೇ ಸಮಯ ವಿಚಾರಿಸಬೇಕು. ಬಾರ್ಜ್ ನಿಂತಿದ್ದರೆ ಬ್ರಹ್ಮಾವರ, ಕೆಮ್ಮಣ್ಣು ಸುತ್ತಿ ಹೆಚ್ಚು ತುಳಿಯಬೇಕಾಗುತ್ತದೆ. ಬಾರ್ಜಿನ ನೆಲದಲ್ಲಿ ಡೀಸೆಲ್, ಗ್ರೀಸ್ ಇರುತ್ತದೆ. ಒಮ್ಮೆ ಅದು ಬ್ರೇಕಿನ ಡಿಸ್ಕಿಗೆ ತಾಗಿ ಬ್ರೇಕ್ ಪ್ಯಾಡ್ ಕೆಟ್ಟಿತು. ಮರಳು ಕಾಗದ ಉಜ್ಜಿದರೂ ಕಿರುಚಾಟ ನಿಲ್ಲಲಿಲ್ಲ, ಹೊಸ ಜೋಡಿಗೆ 400 ಆಯಿತು. ಬಲಕ್ಕೆ ಒರಗಿಸಿದರೆ ಡಿರೈಲರಿಗೆ ಪೆಟ್ಟು, ಎಡಕ್ಕೆ ಒರಗಿಸಿದರೆ ಡಿಸ್ಕಿಗೆ. ಆದ್ದರಿಂದ ಎರಡೂ ಡಿಸ್ಕಿಗೆ ಹಳೆಯ ಕಾಲುಚೀಲ ಹಾಕಿ, ಎಡಗಡೆಯ ಹ್ಯಾಂಡಲ್ ತುದಿ ಮತ್ತು ಸೀಟು ಮಾತ್ರ ಕಂಬಿಗೆ ತಾಗುವಂತೆ ಒರಗಿಸುತ್ತೇನೆ. ಮುಂದಿನ ಬ್ರೇಕ್ ಲಿವರನ್ನು ಒತ್ತಿ ಹಳೇ ಟ್ಯೂಬಿನ ತುಂಡು ಸುತ್ತಿದರೆ ಸೈಕಲ್ ಜಾರುವುದಿಲ್ಲ. ಹೊರಡುವ ಮೊದಲು ಟ್ಯೂಬನ್ನೂ ಕಾಲುಚೀಲವನ್ನೂ ತೆಗೆಯಲು ಮರೆಯಬಾರದು.

ಬೆಂಗ್ರೆಯಿಂದ ಹೂಡೆ, ಮಲ್ಪೆ, ಸೇತುವೆ ದಾಟಿ ಪಡುಕೆರೆ, ಮಟ್ಟು, ಕಾಪು. ಎಡಕ್ಕೆ ಹೊಳೆ, ಬಲಕ್ಕೆ ಕಡಲು. ಇಡೀ ದಾರಿಯಲ್ಲಿ ಇದಕ್ಕೆ ಸಮನಾದ ತುಂಡು ಇನ್ನೊಂದಿಲ್ಲ. 38 ಎಂ.ಎಂ. ಅಗಲದ ಟೈರಿಗೆ ಮುಂದೆ 45, ಹಿಂದೆ 55 ಪಿಎಸ್ಐ ಗಾಳಿ ಸಾಕು. ರಸ್ತೆಗೆ ಮರಳು ಹಾರಿ ಬಂದಿರುತ್ತದೆ, ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯಬೇಡಿ.

ಈ ಮರಳಿಗಾಗಿಯೇ ಚೈನಿನ ಮೇಲೆ ಪ್ರಯೋಗ ನಡೆಸಿದೆ. ತೆಂಗಿನೆಣ್ಣೆ ಎರಡನೇ ದಿನಕ್ಕೇ ಅಂಟಾಗಿ ಮರಳು ಹಿಡಿಯಿತು. ವೆಟ್ ಲೂಬಿನಲ್ಲಿ (ಚೈನಿಗೆ ಹಾಕುವ ದಪ್ಪ ಎಣ್ಣೆ) ಚೈನು ಸುಮಾರು 1,200 ಕಿ.ಮೀ.ಗೆ ಸವೆದರೆ, ಕರಗಿಸಿದ ಮೇಣದಲ್ಲಿ ಅದೇ ಕಂಪನಿಯ ಚೈನು 3,000 ದಾಟಿತು. ಮೇಣಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಮಳೆಗಾಲಕ್ಕೆ ಮೇಣ ಆಗದು, ರಾತ್ರಿ ಕಳೆಯುವುದರೊಳಗೆ ತುಕ್ಕು.

ಕಾಪುವಿನಲ್ಲಿ ಹೆದ್ದಾರಿಗೆ ಬಂದರೆ ದಕ್ಷಿಣದ ಓಣಿ ಆಚೆ ಬದಿಗೆ. ಜಂಕ್ಷನ್ನಿನಲ್ಲೇ ದಾಟಿಕೊಳ್ಳಿ, ಎದುರು ದಿಕ್ಕಿನಲ್ಲಿ ಹೋಗುವುದು ಸಾವಿನ ದಾರಿ. ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಗಾಳಿಯೇ ದೂಡುತ್ತದೆ.

ತಣ್ಣೀರುಬಾವಿಯಲ್ಲಿ ಎರಡನೇ ಕಡವು, ಸುಲ್ತಾನ್ ಬತ್ತೇರಿಗೆ ಸಣ್ಣ ದೋಣಿ. ಪ್ಯಾನಿಯರ್ (ಹಿಂದಿನ ಕ್ಯಾರಿಯರಿನ ಬದಿಗೆ ತೂಗುವ ಚೀಲ) ಮೊದಲೇ ಕಳಚಿ ಕೈಯಲ್ಲಿ ಹಿಡಿಯಿರಿ. ಹಿಂಭಾರದ ಸೈಕಲ್ ಎತ್ತುವಾಗ ದೋಣಿಯೂ ವಾಲುತ್ತದೆ. ನನಗೂ ಸೈಕಲ್ಲಿಗೂ ಸೇರಿ 20-30 ರೂಪಾಯಿ ಕೊಟ್ಟ ನೆನಪು. ದೋಣಿ ತಪ್ಪಿದರೆ ಕೂಳೂರು ಸೇತುವೆ ಇದ್ದೇ ಇದೆ. ದಡ ಹತ್ತಿದ ಕೂಡಲೇ ಬಾಟಲಿಯ ಸಿಹಿನೀರಿನಿಂದ ಬೋಲ್ಟು, ಸ್ಪೋಕಿನ ನಿಪ್ಪಲ್ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ನಟ್ಟು), ಚೈನು ತೊಳೆದು ಒರೆಸಿ. ಮನೆಗೆ ಹೋಗಿ ನೋಡೋಣ ಎಂದು ಬಿಟ್ಟ ಸಲವೇ ಎರಡು ನಿಪ್ಪಲ್ ಉಪ್ಪು ಹಿಡಿದು ಕಚ್ಚಿಕೊಂಡದ್ದು.