ತೂಕ ಇಳಿದಿದೆ, ಕೊಬ್ಬು ಇಳಿದಿದೆಯಾ? ಟೇಪು ಹಿಡಿದು ಮನೆಯಲ್ಲೇ ನೋಡಿ

ಎರಡು ತಿಂಗಳು ಊಟ ಕಡಿಮೆ ಮಾಡಿ, ದಿನಾ ಬೆಳಿಗ್ಗೆ ನಡೆದು 5 ಕೆ.ಜಿ. ಇಳಿಸಿದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಆ 5 ಕೆ.ಜಿ.ಯಲ್ಲಿ ಕೊಬ್ಬು ಎಷ್ಟು, ನೀರು ಎಷ್ಟು, ಸ್ನಾಯು ಎಷ್ಟು? ತೂಕದ ಮಷಿನ್ ಅದನ್ನು ಹೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ಒಟ್ಟು ಭಾರ ಅಷ್ಟೇ.

ಮೊದಲ ವಾರವನ್ನೇ ನೋಡಿ. ಡಯಟ್ ಶುರು ಮಾಡಿದವರು ಬಹಳಷ್ಟು ಜನ ‘ವಾರಕ್ಕೇ 3 ಕೆ.ಜಿ. ಇಳಿದೆ’ ಅನ್ನುತ್ತಾರೆ. 1 ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ವಾರದಲ್ಲಿ 3 ಕೆ.ಜಿ. ಅಂದರೆ ದಿನಕ್ಕೆ 3,300 ಕ್ಯಾಲೊರಿ. ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಅಷ್ಟು ತಿನ್ನುವುದೇ ಇಲ್ಲ. ಹಾಗಾದರೆ ಹೋಗಿದ್ದು ಏನು? ಬಹುಪಾಲು ನೀರು. ಲಿವರ್ ಮತ್ತು ಸ್ನಾಯುಗಳು ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಆಗಿ ಕೂಡಿಟ್ಟುಕೊಂಡಿರುತ್ತವೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ, ಚಪಾತಿ ಕಡಿಮೆಯಾದಾಗ ಆ ದಾಸ್ತಾನು ಖರ್ಚಾಗಿ, ನೀರೂ ಹೊರಟುಹೋಗುತ್ತದೆ. ಮದುವೆ ಮನೆಯಲ್ಲಿ ಒಂದು ದಿನ ಚೆನ್ನಾಗಿ ಉಂಡರೆ ಅಷ್ಟೇ ಬೇಗ ವಾಪಸ್ ಬರುತ್ತದೆ. ಇದನ್ನು ನೋಡಿ ಎಷ್ಟೋ ಜನ ಬೇಜಾರಾಗಿ ಡಯಟ್ ಬಿಟ್ಟೇಬಿಡುತ್ತಾರೆ. ಬೇಜಾರಾಗಬೇಕಿಲ್ಲ, ಅದು ಕೊಬ್ಬೇ ಅಲ್ಲ.

ಅದಕ್ಕೇ ತೂಕದ ಜೊತೆಗೆ ದೇಹದಲ್ಲಿ ಕೊಬ್ಬು ಶೇಕಡಾ ಎಷ್ಟಿದೆ ಅನ್ನುವುದನ್ನೂ ನೋಡಬೇಕು. ಬೇಕಾಗುವುದು ಒಂದು ದರ್ಜಿ ಟೇಪು, ಒಂದು ನೋಟ್‌ಬುಕ್, ಫೋನಿನ ಕ್ಯಾಲ್ಕ್ಯುಲೇಟರ್.

ನಮಗೆ ಇದು ಯಾಕೆ ಮುಖ್ಯ

2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಚ್ಚಾಯಿತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಸಂಖ್ಯೆ) ಕೂಡ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗಿನವರೇ. ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1 ಇತ್ತು, ಯಾಜ್ಞಿಕ್ ಅವರಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು, ಹಾಗಾಗಿ ವ್ಯಾಯಾಮದ ಪಾಲೂ ಇದರಲ್ಲಿದೆ. ಆದರೂ ತೂಕ, ಎತ್ತರ ಎರಡನ್ನೇ ನೋಡಿ ಒಳಗಿನದನ್ನು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಗೊತ್ತಿಲ್ಲ. ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮವರಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಆ ಕೊಬ್ಬು ಹೊಟ್ಟೆಯ ಸುತ್ತ ಸೇರುವುದೂ ಜಾಸ್ತಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದವರನ್ನು ನಮ್ಮ ಮನೆಗಳಲ್ಲೇ ನೋಡುತ್ತೇವೆ, ಅಲ್ವಾ? ಇದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. ಬೇರೆ ಕಡೆ ಆ ಗಡಿ 25.

ಮೊದಲು ಟೇಪು ಹಿಡಿಯುವುದನ್ನು ಕಲಿಯಿರಿ

ಅರ್ಧ ತಪ್ಪುಗಳು ಇಲ್ಲೇ ಆಗುತ್ತವೆ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ.

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು ಅಳೆಯಿರಿ. ಬಟ್ಟೆಯ ಮೇಲೆ ಬೇಡ. ಕನ್ನಡಿಯ ಮುಂದೆ ನಿಂತರೆ ಒಳ್ಳೆಯದು, ಏಕೆಂದರೆ ಟೇಪು ಬೆನ್ನಿನ ಕಡೆ ಜಾರುತ್ತದೆ. ಮುಂದೆ ಹೊಕ್ಕುಳ ಮೇಲೆ ಸರಿಯಾಗಿಯೇ ಕೂತಿರುತ್ತದೆ, ಹಿಂದೆ ಎರಡು ಬೆರಳು ಕೆಳಗೆ ಇಳಿದಿರುತ್ತದೆ. ಪಕ್ಕಕ್ಕೆ ತಿರುಗಿ ಕನ್ನಡಿಯಲ್ಲಿ ನೋಡಿದರೆ ಟೇಪು ನೆಲಕ್ಕೆ ಸಮಾನಾಂತರವಾಗಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಎಲ್ಲೂ ತಿರುಚಿಕೊಂಡಿರಬಾರದು. ಚರ್ಮಕ್ಕೆ ತಾಗಿರಬೇಕು, ಒತ್ತಿ ಗುರುತು ಬೀಳಬಾರದು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು ಓದಿಕೊಳ್ಳಿ. ಹೊಲಿಗೆ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರಬಹುದು. ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ಗಂಡಸರು ಎರಡು ಕಡೆ ಅಳೆಯಬೇಕು: ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ, ಗಂಟಲಿನ ಉಬ್ಬಿನ ಕೆಳಗೆ ಕತ್ತು. ಹೆಂಗಸರು ಮೂರು ಕಡೆ: ಸೊಂಟ ತೀರಾ ಸಣ್ಣಗಿರುವ ಜಾಗ, ಹಿಂಭಾಗ ಅತ್ಯಂತ ಅಗಲವಾಗಿರುವ ಜಾಗ, ಮತ್ತು ಕತ್ತು. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ಬರೆದುಕೊಳ್ಳಿ. ಎಲ್ಲ ಸೆಂಟಿಮೀಟರಿನಲ್ಲೇ ಇರಲಿ. ಅದೇ ಹೊತ್ತಿಗೆ ತೂಕವನ್ನೂ ನೋಡಿ ಬರೆದಿಡಿ.

ಈಗ ಲೆಕ್ಕ

ಈ ಲೆಕ್ಕವನ್ನು 1984ರಲ್ಲಿ ಅಮೆರಿಕದ ನೌಕಾಪಡೆಗಾಗಿ ಹಾಜ್ಡನ್ ಮತ್ತು ಬೆಕೆಟ್ ಎಂಬ ಇಬ್ಬರು ಸಂಶೋಧಕರು ಮಾಡಿಕೊಟ್ಟರು. ಇಂಟರ್ನೆಟ್ಟಿನಲ್ಲಿ ‘ನೇವಿ ಮೆಥಡ್’ ಹೆಸರಿನಲ್ಲಿ ಸಿಗುವ ಕ್ಯಾಲ್ಕ್ಯುಲೇಟರುಗಳು ಇದನ್ನೇ ಬಳಸುತ್ತವೆ. ನಾವೇ ಒಮ್ಮೆ ಮಾಡಿ ನೋಡಿದರೆ ಒಳಗೆ ಏನು ನಡೆಯುತ್ತದೆ ಅನ್ನುವುದು ಅರ್ಥವಾಗುತ್ತದೆ. ಫೋನಿನ ಕ್ಯಾಲ್ಕ್ಯುಲೇಟರ್ ತೆಗೆದು ಫೋನನ್ನು ಅಡ್ಡ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ‘ಲಾಗ್’ ಬಟನ್ ಕಾಣಿಸುತ್ತದೆ.

ಗಂಡಸರಿಗೆ ಹೀಗೆ:

1. ಹೊಟ್ಟೆಯ ಅಳತೆಯಿಂದ ಕತ್ತಿನ ಅಳತೆ ಕಳೆಯಿರಿ. ಬಂದಿದ್ದರ ಲಾಗ್ ತೆಗೆದು 0.19077ರಿಂದ ಗುಣಿಸಿ.
2. ಎತ್ತರದ ಲಾಗ್ ತೆಗೆದು 0.15456ರಿಂದ ಗುಣಿಸಿ.
3. 1.0324ರಲ್ಲಿ ಮೊದಲನೆಯದನ್ನು ಕಳೆದು, ಎರಡನೆಯದನ್ನು ಕೂಡಿಸಿ.
4. 495ನ್ನು ಆ ಸಂಖ್ಯೆಯಿಂದ ಭಾಗಿಸಿ, 450 ಕಳೆಯಿರಿ. ಉಳಿದಿದ್ದೇ ಕೊಬ್ಬಿನ ಶೇಕಡಾವಾರು.

ಹೆಂಗಸರಿಗೂ ದಾರಿ ಇದೇ, ಸಂಖ್ಯೆಗಳು ಬೇರೆ. ಸೊಂಟ ಮತ್ತು ಹಿಂಭಾಗದ ಅಳತೆ ಕೂಡಿಸಿ, ಕತ್ತಿನದು ಕಳೆಯಿರಿ. ಅದರ ಲಾಗನ್ನು 0.35004ರಿಂದ, ಎತ್ತರದ ಲಾಗನ್ನು 0.22100ರಿಂದ ಗುಣಿಸಿ. 1.0324 ಇದ್ದಲ್ಲಿ 1.29579 ಇಟ್ಟುಕೊಳ್ಳಿ. ಕೊನೆಯ ಹಂತ ಹಾಗೆಯೇ.

ಈ 495, 450 ಎಲ್ಲಿಂದ ಬಂದವು? ಮೂರನೇ ಹಂತದಲ್ಲಿ ಸಿಗುವುದು ದೇಹದ ಸಾಂದ್ರತೆಯ ಅಂದಾಜು. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದ ದೇಹದ್ದು ಸುಮಾರು 1.1. ಎರಡೂ ಸೇರಿದ ಮೈಯ ಸಾಂದ್ರತೆ ಗೊತ್ತಾದರೆ ಯಾವುದು ಎಷ್ಟಿದೆ ಎಂದು ಹೇಳಬಹುದು. ಮೊದಲೆಲ್ಲ ಲ್ಯಾಬಿನಲ್ಲಿ ಜನರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ಕಂಡುಹಿಡಿಯುತ್ತಿದ್ದರು. ಟೇಪು ಅದನ್ನೇ ಹೊರಗಿನಿಂದ ಊಹಿಸುತ್ತದೆ.

ಒಂದು ಉದಾಹರಣೆ. ಎತ್ತರ 170 ಸೆಂ.ಮೀ., ಹೊಟ್ಟೆ 94, ಕತ್ತು 38 ಇರುವ ಗಂಡಸು. ವ್ಯತ್ಯಾಸ 56. ಲೆಕ್ಕ ಹಾಕಿದರೆ ಶೇ 24.3 ಬರುತ್ತದೆ. ಟೇಪು ಸಡಿಲ ಹಿಡಿದು ಹೊಟ್ಟೆಯನ್ನು 96 ಎಂದು ಓದಿದರೆ ಅದೇ ಲೆಕ್ಕ ಶೇ 25.6 ಆಗುತ್ತದೆ. ಬರೀ 2 ಸೆಂ.ಮೀ.ಗೆ ಇಷ್ಟು ವ್ಯತ್ಯಾಸ. ಟೇಪಿನ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ.

ಶೇಕಡಾವಾರನ್ನು ಕೆ.ಜಿ.ಗೆ ತಿರುಗಿಸಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗದ ಹೆಜ್ಜೆ ಇದೇ.

ಮೇಲಿನ ವ್ಯಕ್ತಿಯ ತೂಕ 78 ಕೆ.ಜಿ. ಅಂದುಕೊಳ್ಳಿ. ಅದರಲ್ಲಿ ಶೇ 24.3 ಅಂದರೆ ಸುಮಾರು 19 ಕೆ.ಜಿ. ಕೊಬ್ಬು. ಉಳಿದ 59 ಕೆ.ಜಿ. ಸ್ನಾಯು, ಮೂಳೆ, ನೀರು, ಅಂಗಾಂಗ ಎಲ್ಲ. ಮೂರು ತಿಂಗಳ ನಂತರ ತೂಕ 73ಕ್ಕೆ ಬಂತು. ಹೊಟ್ಟೆ 88, ಕತ್ತು 37. ಈಗ ಲೆಕ್ಕ ಶೇ 20.8 ಹೇಳುತ್ತದೆ, ಅಂದರೆ 15.2 ಕೆ.ಜಿ. ಕೊಬ್ಬು. ಇಳಿದ 5 ಕೆ.ಜಿ.ಯಲ್ಲಿ 3.8 ಕೆ.ಜಿ. ಕೊಬ್ಬು, 1.2 ಕೆ.ಜಿ. ಮಾತ್ರ ಬೇರೆ. ಒಳ್ಳೆಯ ಇಳಿಕೆ.

ಈಗ ಅದೇ ತೂಕ, ಅದೇ ಎತ್ತರದ ಇನ್ನೊಬ್ಬರನ್ನು ನೋಡಿ. ಶುರುವಿನ ಅಳತೆಯೂ ಅದೇ. ಅವರೂ 73ಕ್ಕೆ ಬಂದರು. ಆದರೆ ಹೊಟ್ಟೆ 93, ಕತ್ತು 37. ವ್ಯತ್ಯಾಸ ಈಗಲೂ 56, ಶೇಕಡಾವಾರು ಕದಲಿಲ್ಲ. 73ರಲ್ಲಿ ಶೇ 24.3 ಅಂದರೆ 17.7 ಕೆ.ಜಿ. ಕೊಬ್ಬು. ಕೊಬ್ಬು ಹೋಗಿದ್ದು 1.2 ಕೆ.ಜಿ., ಉಳಿದ 3.8 ಸ್ನಾಯು ಮತ್ತು ನೀರು. ತೂಕದ ಮಷಿನ್ ಇಬ್ಬರಿಗೂ ಒಂದೇ ಸಂಖ್ಯೆ ತೋರಿಸುತ್ತದೆ, ಇಬ್ಬರಿಗೂ ಒಂದೇ ಶಾಭಾಷ್‌ಗಿರಿ ಸಿಗುತ್ತದೆ. ಎರಡನೆಯವರಿಗೆ ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಸುಸ್ತು ಕಾಣಿಸಬಹುದು. ತೂಕ ಮತ್ತೆ ಏರಿದಾಗ ಬರುವುದು ಹೆಚ್ಚಾಗಿ ಕೊಬ್ಬೇ, ಹೋದ ಸ್ನಾಯು ತಾನಾಗಿ ವಾಪಸ್ ಬರುವುದಿಲ್ಲ.

ಮಷಿನ್‌ಗಳ ಕಥೆ

ಆನ್‌ಲೈನಿನಲ್ಲಿ ಸಿಗುವ ಸ್ಮಾರ್ಟ್ ಸ್ಕೇಲ್ ಮೇಲೆ ಬರಿಗಾಲಲ್ಲಿ ನಿಂತರೆ ಲೋಹದ ಪಟ್ಟಿಗಳಿಂದ ತುಂಬ ಸಣ್ಣ ಕರೆಂಟು ಮೈಯೊಳಗೆ ಹರಿಯುತ್ತದೆ. ನೀರು ಜಾಸ್ತಿ ಇರುವ ಸ್ನಾಯು ಅದನ್ನು ಸುಲಭವಾಗಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆಯನ್ನು ಅಳೆದು, ನೀವು ಆ್ಯಪ್‌ನಲ್ಲಿ ಹಾಕಿದ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಉಳಿದದ್ದನ್ನು ಅಂದಾಜು ಮಾಡುತ್ತದೆ. ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವುದರಿಂದ, ನಮ್ಮ ಮುಖ್ಯ ಚಿಂತೆಯಾದ ಹೊಟ್ಟೆಯನ್ನು ಅದು ಸರಿಯಾಗಿ ಮುಟ್ಟುವುದೇ ಇಲ್ಲ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಕೊಬ್ಬು ಜಾಸ್ತಿ ಎಂದು ತೋರಿಸುತ್ತದೆ. ಆದರೆ ವ್ಯಾಯಾಮ ಮುಗಿಸಿ ಬೆವರಿನಲ್ಲೇ ನಿಂತರೆ, ಬಿಸಿಯಾದ ಒದ್ದೆ ಚರ್ಮದಲ್ಲಿ ಕರೆಂಟು ಸುಲಭವಾಗಿ ಹರಿದು, ಕಡಿಮೆ ತೋರಿಸಬಹುದು. ಗಂಡ ತನ್ನ ಹೆಸರಿನ ಪ್ರೊಫೈಲ್ ಬದಲು ಹೆಂಡತಿಯ ಪ್ರೊಫೈಲ್‌ನಲ್ಲಿ ನಿಂತರೂ ಲೆಕ್ಕ ಕೆಟ್ಟಿತು. ಜಿಮ್‌ಗಳಲ್ಲಿ ಕೈಯಲ್ಲಿ ಹಿಡಿಯುವ ಹಿಡಿಕೆಯೂ ಇರುವ ದೊಡ್ಡ ಮಷಿನ್ ಇದಕ್ಕಿಂತ ಮೇಲು, ಆದರೆ ತತ್ವ ಅದೇ. ಪೇಸ್‌ಮೇಕರ್ ಹಾಕಿಸಿಕೊಂಡವರು ಇವುಗಳ ಮೇಲೆ ನಿಲ್ಲಬಾರದು. ಗರ್ಭಿಣಿಯರಿಗೂ ಬೇಡ.

ಚರ್ಮವನ್ನು ಚಿವುಟಿ ಹಿಡಿದು ದಪ್ಪ ನೋಡುವ ಕ್ಯಾಲಿಪರ್ ಕೂಡ ಇದೆ. ಅಳೆಯುವವರ ಕೈ ಪಳಗಿರಬೇಕು, ಪ್ರತಿ ಸಲ ಅವರೇ ಅಳೆಯಬೇಕು.

ಇವೆಲ್ಲಕ್ಕಿಂತ ನಂಬಬಹುದಾದದ್ದು ಡೆಕ್ಸಾ ಸ್ಕ್ಯಾನ್. ಎರಡು ಶಕ್ತಿಯ ಎಕ್ಸ್‌ರೇ ಬಳಸಿ ಮೂಳೆ, ಕೊಬ್ಬು, ಉಳಿದದ್ದು ಬೇರೆ ಬೇರೆ ತೋರಿಸುತ್ತದೆ, ಹೊಟ್ಟೆಯಲ್ಲಿ ಎಷ್ಟು, ಕಾಲಿನಲ್ಲಿ ಎಷ್ಟು ಅನ್ನುವುದೂ ತಿಳಿಯುತ್ತದೆ. ವಿಕಿರಣ ತುಂಬ ಕಡಿಮೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಸಿಗುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಡೆಕ್ಸಾ ಹೆಚ್ಚಾಗಿ ಮಾಡುವುದು ಮೂಳೆ ಸವೆತ ನೋಡಲು, ಅದರಲ್ಲಿ ಬೆನ್ನು ಮತ್ತು ಸೊಂಟದ ಮೂಳೆ ಅಷ್ಟೇ ಸಿಗುತ್ತದೆ. ‘ಇಡೀ ದೇಹದ ಬಾಡಿ ಕಾಂಪೊಸಿಷನ್ ಬೇಕು’ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಸಂಖ್ಯೆಯನ್ನು ಓದುವುದು ಹೇಗೆ

ಟೇಪಿನ ಲೆಕ್ಕ ಒಬ್ಬೊಬ್ಬರಿಗೆ 3–4 ಅಂಕ ಆಚೀಚೆ ಇರಬಹುದು. ಅಮೆರಿಕದ ನೌಕಾಪಡೆಯವರ ಮೈ ನೋಡಿ ಮಾಡಿದ ಸೂತ್ರ ಅದು. ಹಾಗಾಗಿ ‘ನಂದು 24.3’ ಎಂದು ಆಣೆ ಮಾಡಿ ಹೇಳುವ ಹಾಗಿಲ್ಲ. ಪರವಾಗಿಲ್ಲ. ಗಡಿಯಾರ ಐದು ನಿಮಿಷ ಮುಂದಿದ್ದರೂ ಅಡುಗೆಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಅದೇ ಟೇಪು, ಅದೇ ಹೊತ್ತು, ಅದೇ ಜಾಗ ಇದ್ದರೆ ತಪ್ಪೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಇಳಿಕೆ ಸರಿಯಾಗಿ ಕಾಣುತ್ತದೆ. ಇವತ್ತು ಟೇಪು, ಮುಂದಿನ ತಿಂಗಳು ಜಿಮ್ ಮಷಿನ್, ಆಮೇಲೆ ಸ್ಮಾರ್ಟ್ ಸ್ಕೇಲ್ ಎಂದು ಬದಲಾಯಿಸಿ ಹೋಲಿಸಬೇಡಿ.

ಎರಡು ವಾರಕ್ಕೊಮ್ಮೆ ಅಳೆದರೆ ಸಾಕು. ದಿನಾ ಅಳೆದರೆ ನೀರಿನ ಏರಿಳಿತ ನೋಡಿ ಸುಮ್ನೆ ತಲೆ ಕೆಡುತ್ತದೆ. ಹಿಂದಿನ ರಾತ್ರಿ ಹಪ್ಪಳ, ಉಪ್ಪಿನಕಾಯಿ ಜಾಸ್ತಿ ತಿಂದಿದ್ದರೂ ತೂಕ ಏರುತ್ತದೆ. ಮುಟ್ಟಿನ ಹತ್ತಿರದ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಹೆಣ್ಣುಮಕ್ಕಳು ಈ ತಿಂಗಳ ಅಳತೆಯನ್ನು ಹೋದ ತಿಂಗಳ ಅದೇ ದಿನಗಳ ಅಳತೆಗೆ ಹೋಲಿಸಬೇಕು.

ಎಷ್ಟಿದ್ದರೆ ಸರಿ? ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್ಸೈಜ್ ಸಂಸ್ಥೆಯ ಪಟ್ಟಿಯಲ್ಲಿ ಗಂಡಸರಿಗೆ ಶೇ 18–24, ಹೆಂಗಸರಿಗೆ ಶೇ 25–31 ಸಾಮಾನ್ಯ. ಹೆಂಗಸರಿಗೆ ಜಾಸ್ತಿ ಇರುವುದು ಕೊರತೆಯಲ್ಲ, ಅವರ ದೇಹಕ್ಕೆ ಅದು ಬೇಕು. ತೀರಾ ಇಳಿಸಿದರೆ ಮುಟ್ಟೇ ನಿಂತುಹೋಗಬಹುದು. ಈ ಪಟ್ಟಿಗಿಂತ ನಾನು ಹೆಚ್ಚು ನಂಬುವುದು ನಮ್ಮ ದೇಶದ ಸೊಂಟದ ಗಡಿಯನ್ನು: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಇದರೊಳಗೆ ಬಂದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಕಡಿಮೆ.

ಸ್ನಾಯು ಇಳಿಯುತ್ತಿದೆ ಅನ್ನಿಸಿದರೆ

ಎರಡು ಮೂರು ಅಳತೆಯಲ್ಲೂ ಕೊಬ್ಬಿಗಿಂತ ಉಳಿದದ್ದೇ ಜಾಸ್ತಿ ಇಳಿಯುತ್ತಿದ್ದರೆ ಮೊದಲು ವೇಗ ಕಡಿಮೆ ಮಾಡಿ. ವಾರಕ್ಕೆ ಅರ್ಧ ಕೆ.ಜಿ. ಸಾಕು. ಆಮೇಲೆ ತಟ್ಟೆ ನೋಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ಸಾಮಾನ್ಯರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವಾಗ 1.2 ಗ್ರಾಂವರೆಗೆ ತೆಗೆದುಕೊಳ್ಳಲು ಪೌಷ್ಟಿಕ ತಜ್ಞರು ಹೇಳುತ್ತಾರೆ. 78 ಕೆ.ಜಿ.ಯವರಿಗೆ ಅದು 94 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ತಿಳಿಸಾರು ಅನ್ನದಲ್ಲಿ ಇದು ಆಗುವ ಮಾತಲ್ಲ. ಕಾಳು ತುಂಬಿದ ಪಲ್ಯ, ಗಟ್ಟಿ ಬೇಳೆ, ಮೊಸರು, ಪನೀರ್, ಸೋಯಾ, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ, ಇವು ತಟ್ಟೆಯಲ್ಲಿ ಜಾಗ ಹಿಡಿಯಬೇಕು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಬರೀ ನಡಿಗೆ ಸ್ನಾಯುವನ್ನು ಪೂರ್ತಿ ಉಳಿಸುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಭಾರದ ಕೆಲಸ ಬೇಕು. ಜಿಮ್ ಇಲ್ಲದಿದ್ದರೆ ಬಸ್ಕಿ, ಗೋಡೆಗೆ ಕೈಕೊಟ್ಟು ಪುಷ್ ಅಪ್, ನೀರು ತುಂಬಿದ ಬಾಟಲಿ ಎತ್ತುವುದು, ಇಷ್ಟರಿಂದ ಶುರು ಮಾಡಿ. ಹೊಸದಾಗಿ ಶುರು ಮಾಡಿದವರಲ್ಲಿ ತೂಕ ಒಂದು ತಿಂಗಳು ಅಲ್ಲೇ ನಿಂತು, ಹೊಟ್ಟೆ ಮಾತ್ರ ಒಂದೆರಡು ಸೆಂ.ಮೀ. ಇಳಿಯುವುದುಂಟು. ಅದು ನಿಂತುಹೋದ ಹಾಗಲ್ಲ, ಕೊಬ್ಬು ಹೋಗಿ ಸ್ನಾಯು ಬರುತ್ತಿದೆ.

ಒಂದು ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಡಯಟ್ ಮಾಡದೆ, ವ್ಯಾಯಾಮ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಟೇಪು ಹಿಡಿದು ಕೂರಬೇಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಇವೆಲ್ಲ ಹೀಗೆಯೇ ಶುರುವಾಗಬಹುದು. ಆ ವಾರವೇ ಡಾಕ್ಟರ ಹತ್ತಿರ ಹೋಗಿ.